ಮಕ್ಕಳೊಂದಿಗೆ ಕೈತೋಟದ ಅಲಂಕಾರ: ಮಲೆನಾಡಿಗೆ ಯಾವುದು, ಬಯಲುಸೀಮೆಗೆ ಯಾವುದು

ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕೈತೋಟಕ್ಕೆ ಒಂದಿಷ್ಟು ಅಲಂಕಾರದ ವಸ್ತುಗಳನ್ನು ಮಾಡಬೇಕೆನ್ನುವವರಿಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸಾಮಗ್ರಿಗೇನೂ ಕೊರತೆಯಿಲ್ಲ. ಮಾಡು ಬದಲಿಸಿದ ಮನೆಗಳ ಹಿತ್ತಲಲ್ಲಿ ಹಳೆಯ ಹಂಚಿನ ರಾಶಿ ಇರುತ್ತದೆ, ಬಚ್ಚಲೊಲೆಯ ಪಕ್ಕದಲ್ಲಿ ತೆಂಗಿನ ಚಿಪ್ಪು ಇರುತ್ತದೆ, ಅಟ್ಟದ ಮೇಲೆ ಗೋಣಿಚೀಲ ಇರುತ್ತದೆ. ಕಷ್ಟವಿರುವುದು ಆಯ್ಕೆಯಲ್ಲಿ. ಏಪ್ರಿಲ್ ತಿಂಗಳಲ್ಲಿ ಚೆಂದ ಕಂಡದ್ದು ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ ಬಣ್ಣ ಬಿಟ್ಟು, ಬೂಷ್ಟು ಹಿಡಿದು, ತಿಪ್ಪೆ ಸೇರುವುದುಂಟು. ಇನ್ನು ಕೆಲವು ವಸ್ತುಗಳು ಮಳೆಗೆ ಜಗ್ಗುವುದಿಲ್ಲವಾದರೂ ಅವುಗಳನ್ನು ಮಾಡುವಾಗ ಕೊರೆಯುವುದು, ಕತ್ತರಿಸುವುದು, ಅಂಟಿಸುವುದು ಎಲ್ಲವೂ ದೊಡ್ಡವರ ಪಾಲಾಗಿ, ಮಗು ಪಕ್ಕದಲ್ಲಿ ನಿಂತು ನೋಡುವುದೇ ಆಗಿಬಿಡುತ್ತದೆ. ಆದ್ದರಿಂದ ಯಾವುದೇ ವಸ್ತುವನ್ನು ಆರಿಸುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಒಂದು, ಇದು ನಮ್ಮ ಊರಿನ ಮಳೆಗೆ ನಿಲ್ಲುತ್ತದೆಯೇ? ಎರಡು, ಇದರಲ್ಲಿ ಮಗುವಿನ ಕೈಕೆಲಸ ಎಷ್ಟು? ಅಂದಚೆಂದ, ಖರ್ಚು, ಸಮಯ ಇವೆಲ್ಲ ಆಮೇಲಿನ ಮಾತು.

ಮೊದಲ ಪ್ರಶ್ನೆಗೆ ಉತ್ತರ ಊರಿನಿಂದ ಊರಿಗೆ ಬದಲಾಗುತ್ತದೆ. ಕಡೂರು, ಅರಸೀಕೆರೆ ಕಡೆ ವರ್ಷಕ್ಕೆ ಸರಾಸರಿ 600ರಿಂದ 700 ಮಿ.ಮೀ. ಮಳೆಯಾದರೆ, ಅದೇ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕೊಪ್ಪ, ಶೃಂಗೇರಿಗಳಲ್ಲಿ 2000 ಮಿ.ಮೀ. ದಾಟುತ್ತದೆ, ಹಾಸನ ಜಿಲ್ಲೆಯಲ್ಲಿ ಸಕಲೇಶಪುರದ್ದೂ ಅದೇ ಕಥೆ. ಮಳೆಯ ಪ್ರಮಾಣಕ್ಕಿಂತಲೂ ಹೆಚ್ಚು ಕಾಡುವುದು ಥಂಡಿ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆಯಾದ ವಸ್ತು ಒಣಗಲು ಬಿಸಿಲೇ ಸಿಗುವುದಿಲ್ಲ. ಬಯಲುಸೀಮೆಯಲ್ಲಿ ಇದಕ್ಕೆ ವಿರುದ್ಧವಾಗಿ ವಸ್ತುವನ್ನು ಹಾಳುಗೆಡವುವುದು ಬಿಸಿಲು. ಚನ್ನರಾಯಪಟ್ಟಣದ ಅಂಗಳದಲ್ಲಿ ಎರಡು ಮೂರು ವರ್ಷ ಬಾಳಿದ ಬಿದಿರಿನ ಬೇಲಿ ಕಳಸದ ಅಂಗಳದಲ್ಲಿ ಅಷ್ಟು ಬಾಳಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. ಕೆಳಗಿನ ಹೋಲಿಕೆಯನ್ನು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

ಹಂಚು ಮತ್ತು ಹೊಳೆಗಲ್ಲು

ನಾಲ್ಕೈದು ವರ್ಷದ ಮಕ್ಕಳಿಗೆ ಬಣ್ಣ ಹಚ್ಚುವ ಕೆಲಸವೇ ಸರಿ, ಮತ್ತು ಬಣ್ಣ ಹಚ್ಚಲು ಕಲ್ಲಿಗಿಂತ ಹಂಚು ಉತ್ತಮ ಎಂಬುದು ನನ್ನ ಅಭಿಪ್ರಾಯ. ನುಣುಪಾದ ಹೊಳೆಗಲ್ಲು ನೋಡಲು ಚೆಂದ, ಅಂಗೈಯಲ್ಲಿ ಕೂರುತ್ತದೆ, ನಿಜ. ಆದರೆ ಅದರ ಮೇಲ್ಮೈ ಬಾಗಿರುವುದರಿಂದ ಚಿಕ್ಕ ಮಕ್ಕಳ ಕುಂಚ ಜಾರುತ್ತದೆ. ಜಾಗ ಕಿರಿದಾದ್ದರಿಂದ ಒಂದು ಜೀರುಂಡೆಯನ್ನೋ ಒಂದು ಹೂವನ್ನೋ ಬರೆಯುವಷ್ಟರಲ್ಲಿ ಕಲ್ಲು ಮುಗಿದಿರುತ್ತದೆ. ಇದರ ಜೊತೆಗೆ ಕಲ್ಲು ಆಯುವ ಕೆಲಸಕ್ಕೂ ಕಾಲವಿದೆ. ಬೇಸಿಗೆಯಲ್ಲಿ ಹಳ್ಳದ ಕಲ್ಲಿನಡಿ ಚೇಳು ಇರುತ್ತದೆ, ಮೊದಲ ಮಳೆ ಬಿದ್ದ ಮೇಲೆ ಇಂಬಳ ಕಾಲಿಗೆ ಹತ್ತುತ್ತದೆ, ಹೊಳೆ ತುಂಬಿದ ಮೇಲಂತೂ ಆ ಕಡೆ ಮಕ್ಕಳನ್ನು ಕರೆದೊಯ್ಯುವ ಮಾತೇ ಇಲ್ಲ. ಮನೆ ಕಟ್ಟುವ ಜಾಗದ ಮರಳು ಜರಡಿ ಹಿಡಿದಾಗ ಉಳಿಯುವ ಗುಂಡುಕಲ್ಲುಗಳನ್ನು ಕೇಳಿ ತರುವುದು ಎಲ್ಲಕ್ಕಿಂತ ಸುಲಭ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ, ಬಾಯಿಗೆ ಹಿಡಿಯುವಷ್ಟು ಚಿಕ್ಕ ಕಲ್ಲನ್ನು ಈ ಕೆಲಸಕ್ಕೆ ತೆಗೆದುಕೊಳ್ಳಲೇಬಾರದು.

ಹಂಚಿನ ಗುಣವೇ ಬೇರೆ. ಚಪ್ಪಟೆಯಾದ, ಅಗಲವಾದ, ಕೆಂಪನೆಯ ಆ ಮೇಲ್ಮೈಯ ಮೇಲೆ ಒಂದು ಮಗು ಅರ್ಧ ದಿನ ಕೆಲಸ ಮಾಡಬಹುದು. ನಮ್ಮ ಕಡೆಯ ಹಳೆಯ ಮನೆಗಳ ಹಂಚು ಬಹುಪಾಲು ಮಂಗಳೂರು ಹಂಚು. ಅದನ್ನು ಕಾರ್ಖಾನೆಯಲ್ಲಿ ಮಾಡಲು ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಪ್ರಾರಂಭಿಸಿದ್ದು 1865ರಲ್ಲಿ. ಆಮೇಲೆ ಬೇರೆ ಬೇರೆಯವರು ಕಾರ್ಖಾನೆ ಹಾಕಿದರು, ಪ್ರತಿಯೊಬ್ಬರೂ ತಮ್ಮ ಹೆಸರನ್ನೋ ಗುರುತನ್ನೋ ಹಂಚಿನ ಮೇಲೆ ಉಬ್ಬಚ್ಚಿನಲ್ಲಿ ಒತ್ತಿದರು. ಬಣ್ಣ ಹಚ್ಚುವ ಮೊದಲು ಆ ಅಚ್ಚಿನ ಮೇಲೆ ತೆಳ್ಳಗಿನ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಹೆಸರನ್ನು ಮೂಡಿಸಿಕೊಳ್ಳಲು ಮಕ್ಕಳಿಗೆ ಹೇಳಿದರೆ, ಒಂದೇ ರಾಶಿಯಲ್ಲಿ ಎಷ್ಟು ಕಾರ್ಖಾನೆಗಳ ಹಂಚು ಇದೆ ಎಂದು ಹುಡುಕುವುದರಲ್ಲಿಯೇ ಅವರ ಒಂದು ಬೆಳಗು ಕಳೆಯುತ್ತದೆ.

ಹಂಚಿಗೆ ಬಣ್ಣ ಹಚ್ಚುವುದರಲ್ಲಿ ಒಂದು ಸೂಕ್ಷ್ಮವಿದೆ. ಸುಟ್ಟ ಮಣ್ಣಾದ್ದರಿಂದ ಹಂಚು ನೀರು ಹೀರುತ್ತದೆ. ನೆಲದಲ್ಲಿ ಹೂತ ಭಾಗದಿಂದ ತೇವ ಮೇಲೇರಿ, ಬಣ್ಣದ ಹಿಂಬದಿಯಿಂದ ಬಂದು ಪದರವನ್ನು ಎಬ್ಬಿಸುತ್ತದೆ. ಆದ್ದರಿಂದ ಹಂಚನ್ನು ತೆಂಗಿನ ನಾರಿನಿಂದ ತಿಕ್ಕಿ, ಪಾಚಿ ತೆಗೆದು, ಎರಡು ದಿನ ಬಿರುಬಿಸಿಲಿನಲ್ಲಿ ಒಣಗಿಸಿ, ಮನೆಗೆ ಬಣ್ಣ ಹೊಡೆಸಿದಾಗ ಮಿಕ್ಕ ಹೊರಗೋಡೆಯ ಬಿಳಿ ಎಮಲ್ಷನ್ ಅನ್ನು ಮೊದಲು ಒಂದು ಕೈ ಹಚ್ಚಬೇಕು. ಅದರ ಮೇಲೆ ಮಕ್ಕಳು ಅಕ್ರಿಲಿಕ್ ಬಣ್ಣದಲ್ಲಿ ಬರೆಯಬಹುದು. ಮಣ್ಣಿನೊಳಗೆ ಹೋಗುವ ಮೂರನೆಯ ಒಂದು ಭಾಗಕ್ಕೆ ಬಣ್ಣ ಹಚ್ಚಬೇಕಾಗಿಲ್ಲ. ಹೀಗೆ ಮಾಡಿದ ಹಂಚುಗಳನ್ನು ಪಾತಿಯ ಅಂಚಿಗೆ ಸಾಲಾಗಿ ನೆಡಬಹುದು, ಅಥವಾ ಒಂದೊಂದರ ಮೇಲೂ ಮಗುವಿನ ಕೈಬರಹದಲ್ಲೇ ದೊಡ್ಡಪತ್ರೆ, ಬಸಳೆ, ಸೇವಂತಿಗೆ ಎಂದು ಬರೆಸಿ ಗಿಡದ ಬುಡದಲ್ಲಿ ನಿಲ್ಲಿಸಬಹುದು. ಒಡೆದ ಹಂಚಿನ ಅಂಚು ಹರಿತವಾಗಿರುವುದರಿಂದ ಅದನ್ನು ಒರಟು ಕಲ್ಲಿಗೆ ಉಜ್ಜಿ ಮೊಂಡು ಮಾಡಿಕೊಡುವುದು ದೊಡ್ಡವರ ಕೆಲಸ. ಇಡೀ ಹಂಚು ಎರಡು ಕೆ.ಜಿ.ಗೂ ಮೇಲೆ ತೂಗುವುದರಿಂದ, ಚಿಕ್ಕ ಮಕ್ಕಳು ಅದನ್ನು ಎತ್ತಿಕೊಂಡು ಓಡಾಡದಂತೆ ಕೂತಲ್ಲಿಯೇ ಕೆಲಸ ಮಾಡಿಸಬೇಕು.

ಕೆಸುವಿನ ಎಲೆಯ ಗಾರೆ ಬಟ್ಟಲು

ಎಂಟು ವರ್ಷ ದಾಟಿದ ಮಕ್ಕಳಿದ್ದರೆ ನಾನು ಮೊದಲು ಸೂಚಿಸುವುದು ಇದನ್ನೇ. ಕೆಸುವಿನ ಎಲೆಯ ನರಗಳನ್ನು ಸಿಮೆಂಟು ಗಾರೆಯ ಮೇಲೆ ಮೂಡಿಸಿ, ಎಲೆಯಾಕಾರದ ತಟ್ಟೆಯೊಂದನ್ನು ಮಾಡುವ ಕೆಲಸವಿದು. ಮಳೆಗಾಲವಿಡೀ ಹೊರಗಿದ್ದರೂ ಹಾಳಾಗುವುದಿಲ್ಲ. ಒಂದೆರಡು ಮಳೆಗಾಲ ಕಳೆದ ಮೇಲೆ ಅದರ ಮೇಲೆ ಪಾಚಿ ಹತ್ತಿ, ಹಚ್ಚಿದ ಯಾವ ಬಣ್ಣಕ್ಕಿಂತಲೂ ಚೆಂದವಾಗುತ್ತದೆ. ಉಳಿದೆಲ್ಲ ವಸ್ತುಗಳಿಗೆ ಶತ್ರುವಾದ ಮಲೆನಾಡಿನ ಥಂಡಿ ಇದಕ್ಕೆ ಮಾತ್ರ ಉಪಕಾರ ಮಾಡುತ್ತದೆ.

ಬಚ್ಚಲ ನೀರು ಹರಿಯುವ ಕಡೆ ಬೇಸಿಗೆಯಲ್ಲಿಯೂ ಕೆಸು ಹಸಿರಾಗಿರುತ್ತದೆ. ನರಗಳು ದಪ್ಪಗಿರುವ ಬಲಿತ ಎಲೆಯನ್ನು ಕೊಯ್ಯಬೇಕು. ಪತ್ರೊಡೆಗೆ ಎಳೆಯ ಎಲೆ ಬೇಕು, ಇಲ್ಲಿ ಬೇಕಾದದ್ದು ಅಡುಗೆಗೆ ಬಾರದ ಎಲೆ. ಹಾಗಾಗಿ ಅಡುಗೆಮನೆಯವರ ತಕರಾರೂ ಇರುವುದಿಲ್ಲ. ನೆರಳಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಒದ್ದೆ ಮರಳನ್ನು ತಗ್ಗು ಗುಪ್ಪೆಯಾಗಿ ಮಾಡಿ, ಎಲೆಯನ್ನು ಬೆನ್ನು ಮೇಲಾಗಿ ಹೊದಿಸಬೇಕು. ನರಗಳು ಉಬ್ಬಿರುವುದು ಎಲೆಯ ಬೆನ್ನಿನಲ್ಲಿ, ಗಾರೆ ತಾಗಬೇಕಾದದ್ದೂ ಆ ಮೈಗೇ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಸಣ್ಣ ಜರಡಿಯಲ್ಲಿ ಸೋಸಿದ ಮರಳನ್ನು ಬಾಂಡ್ಲಿಯಲ್ಲಿ ಒಣದಾಗಿಯೇ ಕಲಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ಹಾಕಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ಒಡೆಯದೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಸೋರಬಾರದು. ಇಲ್ಲಿಂದ ಮುಂದೆ ಕೆಲಸ ಪೂರ್ತಿ ಮಕ್ಕಳದ್ದು. ಎಲೆಯ ನಡುವಿನಿಂದ ಪ್ರಾರಂಭಿಸಿ ಅಂಚಿನ ಕಡೆಗೆ, ನಡುವೆ ಹೆಬ್ಬೆರಳಿನ ದಪ್ಪಕ್ಕೆ, ಅಂಚಿನಲ್ಲಿ ಕಿರುಬೆರಳಿನ ದಪ್ಪಕ್ಕೆ ಗಾರೆಯನ್ನು ಒತ್ತಿ ಒತ್ತಿ ಕೂರಿಸಬೇಕು. ಒತ್ತದೆ ಮೇಲೆ ಮೇಲೆ ಸವರಿದರೆ ನರಗಳ ಗುರುತು ಮೂಡದೆ ಗುಳ್ಳೆ ಗುಳ್ಳೆಯಾಗಿ ಕಾಣುತ್ತದೆ. ಎಲೆ ಮೊರದಷ್ಟು ಅಗಲವಿದ್ದರೆ ನಡುವೆ ಕೋಳಿಬಲೆಯ ತಂತಿಯ ಒಂದು ತುಂಡನ್ನು ಹುದುಗಿಸುವುದು ಒಳ್ಳೆಯದು.

ಮೇಲೆ ಒದ್ದೆ ಗೋಣಿ ಹೊದಿಸಿ ಎರಡು ದಿನ ಬಿಟ್ಟು, ತಿರುವಿ, ಎಲೆಯನ್ನು ಸಿಪ್ಪೆಯಂತೆ ಎಳೆಯಬೇಕು. ಮಕ್ಕಳು ಎರಡು ದಿನ ಕಾಯುವುದು ಈ ಗಳಿಗೆಗಾಗಿ. ತೊಟ್ಟಿನಿಂದ ಹೊರಟ ದಪ್ಪ ನರ, ಅದರಿಂದ ಕವಲೊಡೆದ ಸಣ್ಣ ನರಗಳು, ಅಂಚಿನ ಸುತ್ತ ಓಡುವ ಗೆರೆ, ಹುಳ ತಿಂದ ತೂತಿದ್ದರೆ ಅದೂ ಸೇರಿ ಎಲ್ಲವೂ ಬೂದು ಗಾರೆಯಲ್ಲಿ ಹಾಗೆಯೇ ಇರುತ್ತವೆ. ಅಲ್ಲಲ್ಲಿ ಅಂಟಿ ಉಳಿದ ಎಲೆಯ ಚೂರು ಒಣಗಿದ ಮೇಲೆ ಬ್ರಷ್ಷಿಗೆ ಬರುತ್ತದೆ. ಅನಂತರ ಕನಿಷ್ಠ ಏಳು ದಿನ ದಿನಕ್ಕೆರಡು ಸಲ ನೀರುಣಿಸಬೇಕು. ಈ ಕೆಲಸವನ್ನು ಮಗುವಿಗೇ ವಹಿಸಿದರೆ ಮರೆಯದೆ ಮಾಡುತ್ತದೆ. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನ ಜೊತೆ ಸೇರಿ ಆಗುವ ರಾಸಾಯನಿಕ ಕ್ರಿಯೆಯಿಂದ. ಬಿಸಿಲಿಗಿಟ್ಟು ಬೇಗ ಒಣಗಿಸಿದರೆ ಬಿರುಕು ಬಿಡುತ್ತದೆ. ಪೂರ್ತಿ ಬಲ ಬಂದಿತೆನ್ನಲು 28 ದಿನ ಬೇಕು ಎಂಬುದು ಕಟ್ಟಡ ಕೆಲಸದ ಲೆಕ್ಕ.

ಅಪಾಯವನ್ನೂ ಹೇಳಬೇಕು. ಹಸಿ ಸಿಮೆಂಟು ತೀವ್ರ ಕ್ಷಾರ, ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ಇನ್ನೂ ಕೆಟ್ಟದ್ದು. ಒಣ ಸಿಮೆಂಟನ್ನು ಅಳೆದು ಕಲಸುವುದು ದೊಡ್ಡವರೇ, ಅದೂ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಕ್ಕಳನ್ನು ದೂರ ನಿಲ್ಲಿಸಿ. ಗಾರೆ ಮುಟ್ಟುವ ಮಕ್ಕಳ ಕೈಗೆ ಅವರ ಅಳತೆಗೆ ಸರಿಯಾದ ರಬ್ಬರ್ ಕೈಗವಸು ಇರಲೇಬೇಕು. ಕೆಸುವಿನ ಸೊನೆಯ ತುರಿಕೆಯಿಂದಲೂ ಅದೇ ಕಾಪಾಡುತ್ತದೆ. ಎಂಟು ವರ್ಷದೊಳಗಿನವರಿಗೆ ಈ ಕೆಲಸ ಬೇಡವೆನ್ನಲು ಕಾರಣವೂ ಇದೇ, ಕೈಗವಸನ್ನು ಕಿತ್ತೆಸೆದು ಕಣ್ಣುಜ್ಜಿಕೊಳ್ಳುವ ವಯಸ್ಸದು. ಕಡೂರು, ಅರಸೀಕೆರೆ ಕಡೆ ಕೆಸು ಸಿಗದಿದ್ದರೆ ಹರಳೆಲೆ, ಕುಂಬಳದೆಲೆ, ತೇಗದೆಲೆ ಯಾವುದಾದರೂ ಆದೀತು. ಹಕ್ಕಿಗಳ ನೀರಿನ ತಟ್ಟೆಯಾಗಿ ಇಡುವುದಾದರೆ ಮೊದಲು ಕೆಲವು ದಿನ ನೀರು ತುಂಬಿಸಿ ಚೆಲ್ಲಿ ಕ್ಷಾರ ಕಳೆಯಬೇಕು, ಒಂದೆರಡು ಅಂಗುಲಕ್ಕಿಂತ ಆಳ ನೀರು ಬೇಡ, ಮತ್ತು ಎರಡು ದಿನಕ್ಕೊಮ್ಮೆ ನೀರು ಬದಲಿಸಲೇಬೇಕು.

ಹಸಿ ಮಣ್ಣು: ಇದ್ದಷ್ಟು ದಿನ

ಕೆರೆಯ ಜೇಡಿಮಣ್ಣಿನಲ್ಲಿ ಗೊಂಬೆ ಮಾಡುವುದರಲ್ಲಿ ಮಗುವಿನ ಪಾಲು ನೂರಕ್ಕೆ ನೂರು. ಉಪಕರಣ ಬೇಡ, ಅಪಾಯವಿಲ್ಲ, ಖರ್ಚಿಲ್ಲ. ಆದರೆ ಬಿಸಿಲಿನಲ್ಲಿ ಒಣಗಿದ ಮಣ್ಣು ಎಷ್ಟೇ ಗಟ್ಟಿಯಾಗಿ ಕಂಡರೂ ನೀರು ಬಿದ್ದರೆ ಮತ್ತೆ ಕೆಸರೇ. ಮಣ್ಣು ಶಾಶ್ವತವಾಗಿ ಗಟ್ಟಿಯಾಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ ಬೇಕು. ಅದು ಕುಂಬಾರರ ಆವಿಗೆಯ ಕೆಲಸ, ಹಿತ್ತಲಲ್ಲಿ ತರಗು ಗುಡ್ಡೆ ಹಾಕಿ ಸುಟ್ಟರೆ ಬಹುಮಟ್ಟಿಗೆ ಗೊಂಬೆ ಸಿಡಿದುಹೋಗುತ್ತದೆ. ಗೌರಿ ಹಬ್ಬದಲ್ಲಿ ತಂದ ಮಣ್ಣಿನ ಗಣಪ ಬಕೆಟ್ಟಿನ ನೀರಿನಲ್ಲಿ ಕರಗುವುದನ್ನು ಕಂಡ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರಗುವುದೇ ಇದರ ಗುಣವೆಂದು ಒಪ್ಪಿಕೊಂಡು, ಗೊಂಬೆಯ ಹೊಟ್ಟೆಯಲ್ಲಿ ಚೆಂಡುಹೂವಿನ ಬೀಜವನ್ನೋ ರಾಗಿಯನ್ನೋ ತುಂಬಿ ಪಾತಿಯಲ್ಲಿಟ್ಟರೆ, ರೋಹಿಣಿ ಮಳೆಗೆ ಗೊಂಬೆ ಹೋದರೂ ಆ ಜಾಗದಲ್ಲಿ ಗಿಡ ಬರುತ್ತದೆ. ಬೇಲೂರಿನ ದೇವಸ್ಥಾನ ನೋಡಿ ಬಂದ ಮಕ್ಕಳು ಮಣ್ಣು ಬಿಟ್ಟು ಬಳಪದ ಕಲ್ಲನ್ನೇ ಕೆತ್ತುತ್ತೇವೆಂದು ಹಟ ಹಿಡಿಯುವುದುಂಟು. ಆ ಕಲ್ಲು ಉಗುರಿಗೆ ಗೀರಾಗುವಷ್ಟು ಮೃದುವೇನೋ ಹೌದು, ಆದರೆ ಅದರ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ. ಮಣ್ಣಿನಲ್ಲಿಯೇ ಮದನಿಕೆಯನ್ನು ಮಾಡಿಸುವುದು ಲೇಸು.

ಚಿಪ್ಪು, ಬಿದಿರು, ಹಾಳೆ

ತೆಂಗಿನ ಚಿಪ್ಪು ಮಳೆ, ಬಿಸಿಲು ಎರಡಕ್ಕೂ ಚೆನ್ನಾಗಿ ನಿಲ್ಲುತ್ತದೆ. ನಾರು ಕೆರೆದು, ಮರಳು ಕಾಗದದಲ್ಲಿ ಉಜ್ಜಿ, ಕೊನೆಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದರೆ ಕರಿಮರದಂತೆ ಹೊಳೆಯುತ್ತದೆ. ಉಜ್ಜುವ ಕೆಲಸ ಮಕ್ಕಳದ್ದೇ ಆದರೂ ಬೇಸರ ತರಿಸುವಂಥದ್ದು, ಹತ್ತು ವರ್ಷ ದಾಟಿದವರು ಮಾತ್ರ ಪೂರ್ತಿ ಮಾಡಿಯಾರು. ತೂತು ಕೊರೆಯುವುದು ದೊಡ್ಡವರ ಪಾಲು. ತೂಗುಹಾಕಲು ಮೇಲೆ ಮೂರು ತೂತು ಕೊರೆಯುವವರು ತಳದಲ್ಲಿ ನೀರಿಳಿಯಲು ಒಂದನ್ನು ಕೊರೆಯಲು ಮರೆಯಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಒಂದು ಚಿಪ್ಪಿನಲ್ಲಿ ನಿಂತ ಮಳೆನೀರು ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಏಳರಿಂದ ಹತ್ತು ದಿನ ಸಾಕಾಗುತ್ತದೆ.

ಬಿದಿರಿನ ತುಂಡುಗಳನ್ನು ತೂಗಿಬಿಟ್ಟು ಗಾಳಿಗೆ ಸದ್ದು ಮಾಡುವ ಗೊಂಚಲು ಮಾಡುವುದು ಕೇಳಲು ಇಂಪು, ಆದರೆ ಅದರ ಗರಗಸದ ಕೆಲಸದಲ್ಲಿ ಮಗುವಿಗೆ ಪಾಲಿಲ್ಲ, ಜೊತೆಗೆ ಹಸಿ ಬಿದಿರಿಗೆ ಕುಟ್ಟೆಹುಳ ಬೇಗ ಬೀಳುತ್ತದೆ. ಅದನ್ನು ಬಯಲುಸೀಮೆಯವರಿಗೆ, ಅಥವಾ ಜಗುಲಿಯ ಸೂರಿನಡಿ ಕಟ್ಟುವವರಿಗೆ ಬಿಡಬಹುದು. ಅಡಿಕೆ ಹಾಳೆ ನೆನೆಸಿದರೆ ಬೇಕಾದಂತೆ ಬಾಗುತ್ತದೆ, ಮುಖವಾಡಕ್ಕೆ, ಹಕ್ಕಿಗೂಡಿಗೆ ಹೇಳಿ ಮಾಡಿಸಿದಂತಿದೆ. ಮಳೆಗಾಲದ ಮೊದಲ ತಿಂಗಳಲ್ಲೇ ಕರಿಬೂಷ್ಟು ಹಿಡಿಯುತ್ತದೆ.

ಬೆರ್ಚಪ್ಪ

ಬೇರೆ ಬೇರೆ ವಯಸ್ಸಿನ ಐದಾರು ಮಕ್ಕಳು ಸೇರಿದಾಗ ಬೆರ್ಚಪ್ಪನನ್ನು ಮೀರಿಸುವ ಕೆಲಸವಿಲ್ಲ. ಎರಡು ಗಳುಗಳನ್ನು ಅಡ್ಡಡ್ಡ ಇಟ್ಟು ಹುರಿಯಿಂದ ಬಿಗಿಯುವುದು ದೊಡ್ಡ ಹುಡುಗರಿಗೆ, ಗೋಣಿಯ ತಲೆಯನ್ನು ಡಬ್ಬಣದಿಂದ ಹೊಲಿಯುವುದು ಹನ್ನೆರಡು ದಾಟಿದವರಿಗೆ, ಅಪ್ಪನ ಹಳೆಯ ಅಂಗಿಗೆ ಹುಲ್ಲು ತುರುಕುವುದು ಎಲ್ಲರಿಗಿಂತ ಚಿಕ್ಕವರಿಗೆ, ಮಡಕೆಯ ತಲೆಯಾದರೆ ಅದರ ಮೇಲೆ ಕಣ್ಣು ಮೀಸೆ ಬರೆಯುವುದು ಜಗಳದಲ್ಲಿ ಗೆದ್ದವರಿಗೆ. ಬಿಳಿಗೆ ಸುಣ್ಣದ ಬದಲು ಎಮಲ್ಷನ್ ಕೊಡಬೇಕು. ಸುಣ್ಣ ಕಣ್ಣಿಗೆ ಹಾರಿದರೆ ಕಷ್ಟ. ಇದನ್ನು ಬೇಸಿಗೆ ರಜೆಗಿಂತ ಡಿಸೆಂಬರಿನಲ್ಲಿ, ಭತ್ತವೋ ರಾಗಿಯೋ ಕೊಯ್ಲಾಗಿ ಹೊಸ ಹುಲ್ಲು ಬಂದಾಗ ಮಾಡುವುದು ಸರಿ. ಆಗ ಮಾಡಿದ ಬೆರ್ಚಪ್ಪ ಮುಂಗಾರಿನವರೆಗೆ ಐದಾರು ತಿಂಗಳು ನಿಲ್ಲುತ್ತಾನೆ. ಮೇ ತಿಂಗಳಲ್ಲಿ ಮಾಡಿದರೆ ಮಲೆನಾಡಿನಲ್ಲಿ ಒಂದೇ ತಿಂಗಳಿಗೆ ಹುಲ್ಲು ಕೊಳೆತು ಕುಸಿಯುತ್ತಾನೆ.

ಬಿಡಬೇಕಾದವು

ಪ್ಲಾಸ್ಟಿಕ್ ಬಾಟಲಿಯ ಹೂವು, ಚಿಟ್ಟೆಗಳು ಮಾಡಲು ಸುಲಭ, ಆದರೆ ಬಿಸಿಲಿಗೆ ಪೆಡಸಾಗಿ ಚೂರು ಚೂರಾಗಿ ಮಣ್ಣಿಗೆ ಸೇರುತ್ತವೆ; ತರಕಾರಿ ಬೆಳೆಯುವ ಪಾತಿಗೆ ಅದನ್ನು ತಿಳಿದೂ ತಿಳಿದೂ ಹಾಕಬೇಕಾಗಿಲ್ಲ. ಹಳೆಯ ಟೈರಿಗೆ ಬಣ್ಣ ಬಳಿದು ಇಡುವುದನ್ನು ಮಲೆನಾಡಿನಲ್ಲಂತೂ ನಾನು ಒಪ್ಪುವುದಿಲ್ಲ. ಅದರ ಒಳಸುತ್ತಿನಲ್ಲಿ ನಿಂತ ನೀರನ್ನು ಬಗ್ಗಿಸಿ ಚೆಲ್ಲಲೂ ಆಗುವುದಿಲ್ಲ, ಎಷ್ಟು ತೂತು ಹೊಡೆದರೂ ಅಷ್ಟಿಷ್ಟು ಉಳಿದೇ ಉಳಿಯುತ್ತದೆ. ತಗಡಿನ ಡಬ್ಬದ ಅಂಚು ಕೈ ಕೊಯ್ಯುತ್ತದೆ, ಎರಡನೆಯ ಮಳೆಗಾಲಕ್ಕೆ ತುಕ್ಕು ಬೇರೆ.

ಬಣ್ಣ ಮತ್ತು ಅಂಟು

ಶಾಲೆಯ ಪೋಸ್ಟರ್ ಬಣ್ಣ ಮೊದಲ ಹದ ಮಳೆಗೇ ಹರಿದುಹೋಗುತ್ತದೆ. ಅರಿಶಿನದ ಹಳದಿಯನ್ನು ಬಿಸಿಲು ವಾರದೊಳಗೆ ಅಳಿಸುತ್ತದೆ. ಅಕ್ರಿಲಿಕ್ ನೀರಿನಲ್ಲಿ ಕಲಸುವ ಬಣ್ಣವಾದರೂ ಒಣಗಿದ ಮೇಲೆ ನೀರಿಗೆ ಬಿಡುವುದಿಲ್ಲ, ಕುಂಚ ತೊಳೆಯುವುದೂ ಸುಲಭ. ಕಬ್ಬಿಣದ ಗೇಟಿಗೆ ಹಚ್ಚುವ ಎನಾಮಲ್ ಎಲ್ಲಕ್ಕಿಂತ ಗಟ್ಟಿ, ಆದರೆ ಥಿನ್ನರಿನ ವಾಸನೆ ಮಕ್ಕಳಿಗೆ ಹಿತವಲ್ಲ. ಅಟ್ಟದಲ್ಲಿ ಉಳಿದಿರುವ ಹಳೆಯ ಎನಾಮಲ್ ಡಬ್ಬವನ್ನಂತೂ ಮಕ್ಕಳ ಕೆಲಸಕ್ಕೆ ತೆಗೆಯಲೇಬಾರದು. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ಕೇಂದ್ರದ ನಿಯಮ 2016ರಲ್ಲಿ ಬಂದು, ಜಾರಿಯಾದದ್ದು 2017ರ ನವೆಂಬರ್ 1ರಿಂದ; ಅದಕ್ಕಿಂತ ಹಿಂದಿನ ಡಬ್ಬದಲ್ಲಿ ಸೀಸ ಎಷ್ಟಿದ್ದೀತೆಂದು ಹೇಳಲಾಗದು. ಫೆವಿಕಾಲ್‌ನಂತಹ ಸಾಮಾನ್ಯ ಬಿಳಿ ಅಂಟು ನೀರಿನಲ್ಲಿ ಮೆತ್ತಗಾಗುವುದರಿಂದ, ಹೊರಗಿಡುವ ವಸ್ತುವನ್ನು ಅಂಟಿಸುವುದಕ್ಕಿಂತ ಕಟ್ಟುವುದು, ಹೊಲಿಯುವುದು, ಸಿಕ್ಕಿಸುವುದು ಮೇಲು.

ಎಷ್ಟು ದಿನ ಕೈಯಲ್ಲಿದೆ

ಮನೆಯ ಮಕ್ಕಳೇ ಆದರೆ ಏಪ್ರಿಲ್ ಮಧ್ಯದಲ್ಲಿ ಗಾರೆಯ ಎಲೆಯಿಂದ ಪ್ರಾರಂಭಿಸಿ, ಅದು ನೀರು ಕುಡಿಯುತ್ತಿರುವ ವಾರದಲ್ಲಿ ಹಂಚಿಗೆ ಬಣ್ಣ ಹಚ್ಚಿ, ರೋಹಿಣಿ ಮಳೆಗೆ ಮುಂಚೆ ಎರಡನ್ನೂ ತೋಟದಲ್ಲಿ ಕೂರಿಸಬಹುದು. ಮಲೆನಾಡಿನಲ್ಲಿ ಜೂನ್ ಆದ ಮೇಲೆ ಬಣ್ಣದ ಕೆಲಸಕ್ಕೆ ಕೈ ಹಾಕಬಾರದು, ದಸರಾ ರಜೆಯವರೆಗೆ ಕಾಯಬೇಕು. ಬೆಂಗಳೂರಿನಿಂದ ಅಜ್ಜಿಮನೆಗೆ ಎರಡೇ ದಿನಕ್ಕೆ ಬಂದ ಮಕ್ಕಳಾದರೆ ಗಾರೆಯನ್ನು ಪ್ರಾರಂಭಿಸಬಾರದು, ಎಲೆ ಸುಲಿಯುವ ಹೊತ್ತಿಗೆ ಅವರು ಬಸ್ಸಿನಲ್ಲಿರುತ್ತಾರೆ. ಅವರು ಬರುವ ಮೊದಲೇ ಹಂಚುಗಳನ್ನು ತಿಕ್ಕಿ, ಒಣಗಿಸಿ, ಬಿಳಿ ಎಮಲ್ಷನ್ ಹಚ್ಚಿಟ್ಟಿದ್ದರೆ, ಮೊದಲ ದಿನ ಬರೆದು, ರಾತ್ರಿ ಜಗುಲಿಯಲ್ಲಿ ಒಣಗಿಸಿ, ಮರುದಿನ ಹೊರಡುವ ಮುಂಚೆ ತಮ್ಮ ಕೈಯಿಂದಲೇ ಪಾತಿಯಲ್ಲಿ ನೆಟ್ಟು ಹೋಗಬಹುದು. ಯಾರ ಹಂಚು ಯಾವುದೆಂದು ಮುಂದಿನ ಸಲ ಬಂದಾಗ ತಕರಾರು ಏಳದಂತೆ, ಪ್ರತಿಯೊಬ್ಬರೂ ಹಿಂಬದಿಯಲ್ಲಿ ಹೆಸರು, ಇಸವಿ ಬರೆದಿಡಲಿ.